ಎಂಆರ್‌ಐನಲ್ಲಿ ಕಾಂತೀಯ ನ್ಯಾನೋಕಣಗಳು: ಒಂದು ಕಣ, ಎರಡು ಗಾತ್ರ

ಎಂಆರ್‌ಐ ಚಿತ್ರದಲ್ಲಿ ಕಾಂಟ್ರಾಸ್ಟ್‌ಗಾಗಿ, ಅಂದರೆ ಒಂದು ಭಾಗ ಇನ್ನೊಂದರಿಂದ ಎದ್ದು ಕಾಣಲಿ ಎಂದು, ಬಳಸುವ ಐರನ್ ಆಕ್ಸೈಡ್ ನ್ಯಾನೋಕಣಕ್ಕೆ ಎರಡು ಗಾತ್ರಗಳಿವೆ. ಒಳಗಿನ ತಿರುಳಿನದು ಒಂದು. ಹೊದಿಕೆಯನ್ನೂ ಸೇರಿಸಿ ಇಡೀ ಕಣದ್ದು ಇನ್ನೊಂದು. ಕಾಂತಗುಣ ತಿರುಳಿನ ಗಾತ್ರದ ಮೇಲೆ ನಿಂತಿದೆ. ಕಣ ಮೈಯೊಳಗೆ ಎಲ್ಲಿ ಹೋಗಿ ಸೇರುತ್ತದೆ ಅನ್ನುವುದು ಬಹುಮಟ್ಟಿಗೆ ಹೊರಗಾತ್ರದ ಮೇಲೆ ನಿಂತಿದೆ. ಈ ಎರಡನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ಉಳಿದ ಪಾಠ ಸುಲಭ. ಬೆರೆಸಿಬಿಟ್ಟರೆ ಯಾವ ಅಂಕಿಯೂ ತಾಳೆಯಾಗುವುದಿಲ್ಲ.

ಮೊದಲು ಎಂಆರ್‌ಐ ಬಗ್ಗೆ ಬೇಕಾದಷ್ಟು ಮಾತ್ರ. ಯಂತ್ರ ನೋಡುವುದು ಮುಖ್ಯವಾಗಿ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪ್ರೋಟಾನ್‌ಗಳನ್ನು. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ಅವು ಸೆಕೆಂಡಿಗೆ ಸುಮಾರು 6.4 ಕೋಟಿ ಸಲ, ಅಂದರೆ 64 ಮೆಗಾಹರ್ಟ್ಸ್ ವೇಗದಲ್ಲಿ ತಿರುಗುತ್ತವೆ. ರೇಡಿಯೋ ಪಲ್ಸ್ ಕೊಟ್ಟಾಗ ಎಲ್ಲವೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ, ನಮಗೆ ಸಿಗ್ನಲ್ ಸಿಗುತ್ತದೆ. ಪ್ರೋಟಾನ್‌ಗಳು ಮುಖ್ಯ ಕ್ಷೇತ್ರದ ದಿಕ್ಕಿಗೆ ಮರಳಲು ತೆಗೆದುಕೊಳ್ಳುವ ಸಮಯ ಟಿ1. ಹೆಜ್ಜೆ ತಪ್ಪಿ ಸಿಗ್ನಲ್ ಕರಗಲು ತೆಗೆದುಕೊಳ್ಳುವ ಸಮಯ ಟಿ2.

ಭಜನೆಯಲ್ಲಿ ನೂರು ಜನ ಒಂದೇ ತಾಳಕ್ಕೆ ಚಪ್ಪಾಳೆ ಹೊಡೆದರೆ ಸದ್ದು ಖಚಿತವಾಗಿ ಕೇಳುತ್ತದೆ. ಒಬ್ಬೊಬ್ಬರ ಲಯ ಒಂಚೂರು ಬದಲಾದರೂ ಸಾಕು, ಸ್ವಲ್ಪ ಹೊತ್ತಿನಲ್ಲಿ ತಾಳವೇ ಸಿಗುವುದಿಲ್ಲ. ಕಬ್ಬಿಣದ ಕಣ ಮಾಡುವುದು ಇದನ್ನೇ. ಅದರ ಸುತ್ತ ಕ್ಷೇತ್ರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಅಲ್ಲಿ ಓಡಾಡುವ ನೀರಿನ ಪ್ರೋಟಾನ್‌ಗಳು ಬೇಗ ಹೆಜ್ಜೆ ತಪ್ಪುತ್ತವೆ. ಟಿ2 ಚಿಕ್ಕದಾಗುತ್ತದೆ, ಚಿತ್ರದಲ್ಲಿ ಆ ಜಾಗ ಕಪ್ಪಾಗುತ್ತದೆ. ಕಣ ಚಿತ್ರದಲ್ಲಿ ಕಾಣುವುದಿಲ್ಲ, ಅದು ನೀರಿಗೆ ಏನು ಮಾಡಿತು ಅನ್ನುವುದು ಕಾಣುತ್ತದೆ. ಹಾಗಾಗಿಯೇ ಕಣಕ್ಕಿಂತ ಎಷ್ಟೋ ಪಟ್ಟು ದೊಡ್ಡ ಜಾಗ ಕಪ್ಪಾಗುತ್ತದೆ.

ಕಾಂಟ್ರಾಸ್ಟ್‌ಗೆ ಬಳಸುವ ಇನ್ನೊಂದು ಲೋಹ ಗ್ಯಾಡೊಲಿನಿಯಂ. ಅದರ ದಾರಿ ಬೇರೆ. ಅದರ ಅಯಾನಿನಲ್ಲಿ 7 ಒಂಟಿ ಎಲೆಕ್ಟ್ರಾನ್‌ಗಳಿವೆ. ತೀರಾ ಹತ್ತಿರ ಬಂದ ನೀರಿನ ಟಿ1 ಅನ್ನು ಅದು ಇಳಿಸುತ್ತದೆ, ಚಿತ್ರ ಬೆಳ್ಳಗಾಗುತ್ತದೆ.

ಈಗ ತಿರುಳಿಗೆ ಬರೋಣ. ಅದು ಮ್ಯಾಗ್ನೆಟೈಟ್ ಅಥವಾ ಮ್ಯಾಗ್ಹೆಮೈಟ್, ಎರಡೂ ಐರನ್ ಆಕ್ಸೈಡ್‌ಗಳೇ. ದೊಡ್ಡ ತುಂಡಿನಲ್ಲಿ ಕಾಂತೀಯ ವಲಯಗಳು, ಅಂದರೆ ಒಂದೊಂದು ದಿಕ್ಕಿಗೆ ಕಾಂತವಾದ ಭಾಗಗಳು, ಹಲವು ಇರುತ್ತವೆ. ಕೆಲವು ನ್ಯಾನೋಮೀಟರಿಗೆ ಇಳಿದರೆ ಇಡೀ ಕಣ ಒಂದೇ ವಲಯ. ಆ ಒಂದು ದೊಡ್ಡ ಕಾಂತಮೊಮೆಂಟ್ (ಕಾಂತದ ಬಲ ಮತ್ತು ದಿಕ್ಕು) ದೇಹದ ಬಿಸಿಯಿಂದಲೇ ತನ್ನ ದಿಕ್ಕು ಬದಲಿಸುತ್ತಿರುತ್ತದೆ. ಎಷ್ಟು ಬೇಗ ಬದಲಿಸುತ್ತದೆ ಎಂಬ ಲೆಕ್ಕವನ್ನು 1949ರಲ್ಲಿ ಫ್ರಾನ್ಸಿನ ಲೂಯಿ ನೀಲ್ ಕೊಟ್ಟರು. ದಿಕ್ಕು ಬದಲಿಸಲು ದಾಟಬೇಕಾದ ಶಕ್ತಿಯ ತಡೆ ಕಣದ ಘನಗಾತ್ರಕ್ಕೆ ತಕ್ಕಂತೆ ಬೆಳೆಯುತ್ತದೆ. ಆ ತಡೆಯನ್ನು ಉಷ್ಣಶಕ್ತಿಯಿಂದ (ಬೋಲ್ಟ್ಸ್‌ಮನ್ ಸ್ಥಿರಾಂಕ × ಕೆಲ್ವಿನ್ ತಾಪ) ಭಾಗಿಸಿ, ಬಂದ ಸಂಖ್ಯೆಯನ್ನು ಎಕ್ಸ್‌ಪೊನೆನ್ಷಿಯಲ್ ಒಳಗೆ ಹಾಕಬೇಕು, ಅಂದರೆ e ಗೆ ಘಾತವಾಗಿ ಏರಿಸಬೇಕು. ಅದನ್ನು ಸುಮಾರು 1 ನ್ಯಾನೋಸೆಕೆಂಡಿನಿಂದ ಗುಣಿಸಬೇಕು. ಅಷ್ಟೇ.

ಇದನ್ನು ಓದಿ ಬಿಡಬೇಡಿ, ಕೈಯಲ್ಲಿ ಮಾಡಿ ನೋಡಿ. ಮ್ಯಾಗ್ನೆಟೈಟ್‌ನ ಅನೈಸೋಟ್ರಪಿ ಸ್ಥಿರಾಂಕ ಘನಮೀಟರಿಗೆ ಸುಮಾರು 11,000 ಜೂಲ್ ಎಂದು ಇಟ್ಟುಕೊಳ್ಳಿ; ಇದನ್ನು ಕಣದ ಘನಗಾತ್ರದಿಂದ ಗುಣಿಸಿದರೆ ಆ ಶಕ್ತಿಯ ತಡೆ ಸಿಗುತ್ತದೆ. ದೇಹದ ತಾಪ 310 ಕೆಲ್ವಿನ್. ತಿರುಳಿನ ವ್ಯಾಸ 10 ನ್ಯಾನೋಮೀಟರ್ ಆದರೆ ಆ ಭಾಗಲಬ್ಧ 1.3, ಸಮಯ ಸುಮಾರು 4 ನ್ಯಾನೋಸೆಕೆಂಡ್. 20 ಆದರೆ ಭಾಗಲಬ್ಧ 11ರ ಹತ್ತಿರ, ಸಮಯ ಸುಮಾರು 50 ಮೈಕ್ರೋಸೆಕೆಂಡ್. 30 ಆದರೆ ಭಾಗಲಬ್ಧ 36. ಸಮಯ? ಸುಮಾರು ಎರಡು ತಿಂಗಳು! ವ್ಯಾಸ ಮೂರು ಪಟ್ಟು ಆಗಿದ್ದಕ್ಕೆ ನ್ಯಾನೋಸೆಕೆಂಡ್ ಹೋಗಿ ತಿಂಗಳು ಬಂತು. ನಿಜವಾದ ಕಣಗಳಲ್ಲಿ ಆಕಾರ, ಮೇಲ್ಮೈ ಎಲ್ಲ ಸೇರಿ ಅಂಕಿಗಳು ಬದಲಾಗುತ್ತವೆ. ಆದರೆ ಜಿಗಿತದ ಸ್ವಭಾವ ಇದೇ. ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ ಇದು.

ಬೇಗ ದಿಕ್ಕು ಬದಲಿಸುವ ಸಣ್ಣ ಕಣವೇ ಸೂಪರ್‌ಪ್ಯಾರಾಮ್ಯಾಗ್ನೆಟಿಕ್. ಯಂತ್ರದೊಳಗೆ ಅದು ಬಲವಾದ ಕಾಂತ, ಹೊರಗೆ ಬಂದರೆ ಸರಾಸರಿ ಸೊನ್ನೆ. ರಕ್ತನಾಳಕ್ಕೆ ಚುಚ್ಚುವ ವಸ್ತುವಿಗೆ ಇದು ತುಂಬಾ ಮುಖ್ಯ. ಕಾಂತತೆ ಉಳಿದುಕೊಂಡರೆ ಕಣಗಳು ಒಂದನ್ನೊಂದು ಎಳೆದು ಗಂಟು ಕಟ್ಟುತ್ತವೆ ಅಲ್ವಾ? ಗಂಟು ಕಟ್ಟದಂತೆ ಹೊದಿಕೆಯೂ ಕಾಯುತ್ತದೆ. ಅದು ಸಾಮಾನ್ಯವಾಗಿ ಡೆಕ್ಸ್‌ಟ್ರಾನ್ ಅಥವಾ ಅದರ ಬಗೆಯ ಸಕ್ಕರೆ ಸರಪಳಿ.

ಇನ್ನು ಹೊರಗಾತ್ರ. ಉದಾಹರಣೆಗೆ ಫೆರಿಡೆಕ್ಸ್. ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಪಡೆದ ಲಿವರ್ ಕಾಂಟ್ರಾಸ್ಟ್. ತಿರುಳು ಸುಮಾರು 5 ನ್ಯಾನೋಮೀಟರ್, ಇಡೀ ಕಣ ನೂರರ ಆಸುಪಾಸು. ಹಲವು ತಿರುಳುಗಳು ಒಂದೇ ಹೊದಿಕೆಯೊಳಗೆ ಕೂತಿವೆ. ಇಷ್ಟು ದೊಡ್ಡ ಕಣ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಲಿವರ್‌ನ ಕುಪ್ಫರ್ ಕೋಶಗಳು ಅದನ್ನು ಕಸ ಎಂದು ತಿಳಿದು ನುಂಗುತ್ತವೆ. ಕೊಟ್ಟದ್ದರಲ್ಲಿ ಸುಮಾರು 80 ಶೇಕಡಾ ಲಿವರ್‌ಗೇ ಹೋಗುತ್ತದೆ. ಹೀಗಾಗಿ ಆರೋಗ್ಯವಾದ ಲಿವರ್ ಕಪ್ಪಾಗುತ್ತದೆ. ಬೇರೆ ಕಡೆಯಿಂದ ಹರಡಿದ ಗಡ್ಡೆಯಲ್ಲಿ ಕುಪ್ಫರ್ ಕೋಶಗಳಿಲ್ಲ, ಅದು ಬೆಳ್ಳಗೇ ಉಳಿಯುತ್ತದೆ. ಔಷಧಿ ಗಡ್ಡೆಯನ್ನು ಹುಡುಕಿಕೊಂಡು ಹೋಗಿಲ್ಲ. ಗಡ್ಡೆಯನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬಣ್ಣ ಹಚ್ಚಿದೆ. ಪರೀಕ್ಷೆಯಲ್ಲಿ ಈ ತಲೆಕೆಳಗಾದ ತರ್ಕವನ್ನು ತಪ್ಪದೆ ಬರೆಯಿರಿ.

ಡೋಸ್ ನೋಡಿ: ಕಿಲೋ ತೂಕಕ್ಕೆ 0.56 ಮಿಲಿಗ್ರಾಂ ಕಬ್ಬಿಣ. 60 ಕಿಲೋ ಇರುವವರಿಗೆ ಸುಮಾರು 34 ಮಿಲಿಗ್ರಾಂ. ವಯಸ್ಕರ ಮೈಯಲ್ಲಿ ಮೊದಲೇ 3ರಿಂದ 4 ಗ್ರಾಂ ಕಬ್ಬಿಣ ಇದೆ. ನುಂಗಿದ ಕಣ ನಿಧಾನವಾಗಿ ಕರಗಿ ಅದೇ ದಾಸ್ತಾನು ಸೇರುತ್ತದೆ, ಮುಂದೆ ಹಿಮೋಗ್ಲೋಬಿನ್‌ಗೂ ಬಳಕೆಯಾಗುತ್ತದೆ.

ಹೊರಗಾತ್ರವನ್ನು 30 ನ್ಯಾನೋಮೀಟರಿಗೆ ಇಳಿಸಿದರೆ ಕತೆಯೇ ಬದಲಾಗುತ್ತದೆ. ಫೆರುಮಾಕ್ಸ್‌ಟ್ರಾನ್-10 ಹೀಗಿರುವ ಕಣ. ಲಿವರ್ ಇದನ್ನು ತಟ್ಟನೆ ಹಿಡಿಯುವುದಿಲ್ಲ. ರಕ್ತದಲ್ಲಿ ಒಂದು ದಿನಕ್ಕೂ ಜಾಸ್ತಿ ಸುತ್ತಾಡಿ, ನಿಧಾನವಾಗಿ ಲಿಂಫ್ ಗ್ರಂಥಿಗಳನ್ನು ಸೇರುತ್ತದೆ. ಅಲ್ಲೂ ಲಿವರ್‌ನ ತರ್ಕವೇ: ಆರೋಗ್ಯವಾದ ಭಾಗ ಕಪ್ಪಾಗುತ್ತದೆ, ಕ್ಯಾನ್ಸರ್ ಇರುವ ಭಾಗ ಬೆಳ್ಳಗೇ ಉಳಿಯುತ್ತದೆ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಲಿಂಫ್ ಗ್ರಂಥಿ ದೊಡ್ಡದಾಗಿದ್ದರೆ ಮಾತ್ರ ಅನುಮಾನ ಬರುತ್ತದೆ. ಸಣ್ಣ ಗ್ರಂಥಿಯೊಳಗೆ ಕ್ಯಾನ್ಸರ್ ಇದ್ದರೆ ತಪ್ಪಿಹೋಗುತ್ತದೆ. 2003ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 80 ಜನರ ಮೇಲೆ ನಡೆದ ಅಧ್ಯಯನವನ್ನು ನೆನಪಿಡಿ. ಕ್ಯಾನ್ಸರ್ ಇರುವ ಗ್ರಂಥಿಗಳನ್ನು ಗುರುತಿಸುವ ಪ್ರಮಾಣ ಸಾಮಾನ್ಯ ಎಂಆರ್‌ಐನಲ್ಲಿ 35.4 ಶೇಕಡಾ ಇತ್ತು, ಈ ಕಣ ಬಳಸಿದಾಗ 90.5 ಶೇಕಡಾ ಆಯಿತು. ಇಷ್ಟಾದರೂ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಯುರೋಪಿನಲ್ಲಿ ಕೊಟ್ಟಿದ್ದ ಅರ್ಜಿಯನ್ನು 2007ರಲ್ಲಿ ವಾಪಸ್ ಪಡೆಯಲಾಯಿತು. ನನಗೆ ಇದು ದೊಡ್ಡ ನಷ್ಟ ಎಂದೇ ಅನಿಸುತ್ತದೆ. ನೆದರ್ಲೆಂಡ್ಸ್‌ನ ನೈಮೇಗನ್‌ನಲ್ಲಿ ಆ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಿರುವುದು ಸಂತೋಷದ ವಿಷಯ.

ಫೆರಿಡೆಕ್ಸ್ ಕೂಡ 2008ರಲ್ಲಿ ನಿಂತಿತು. ಭೌತಶಾಸ್ತ್ರ ಸರಿಯಾಗಿಯೇ ಇತ್ತು. ತೊಡಕು ಬಳಕೆಯಲ್ಲಿತ್ತು. ಸುಮಾರು ಅರ್ಧ ಗಂಟೆ ಡ್ರಿಪ್ ಹಾಕಬೇಕು, ಕೆಲವರಿಗೆ ಬೆನ್ನುನೋವು ಬರುತ್ತಿತ್ತು. ಇನ್ನೊಂದು ತೊಂದರೆ, ರಕ್ತಸ್ರಾವ, ಸುಣ್ಣ ಕಟ್ಟಿದ ಜಾಗ, ಗಾಳಿ ಇವೂ ಚಿತ್ರದಲ್ಲಿ ಕಪ್ಪೇ. ಅದೇ ವರ್ಷ ಅಮೆರಿಕದಲ್ಲಿ ಗ್ಯಾಡಾಕ್ಸೆಟೇಟ್ ಎಂಬ ಗ್ಯಾಡೊಲಿನಿಯಂ ಔಷಧಿಗೆ ಒಪ್ಪಿಗೆ ಸಿಕ್ಕಿತು. ಅದನ್ನು ಲಿವರ್‌ನ ಸಾಮಾನ್ಯ ಕೋಶಗಳು ಹೀರಿಕೊಂಡು ಬೆಳ್ಳಗಾಗುತ್ತವೆ, ಗಡ್ಡೆ ಕಪ್ಪಾಗಿ ಕಾಣುತ್ತದೆ. ಅದೇ ಉಪಾಯ, ಬಣ್ಣ ಮಾತ್ರ ಅದಲುಬದಲು.

ಹಾಗಂತ ಕಬ್ಬಿಣ ಮುಗಿಯಲಿಲ್ಲ. ಕಿಡ್ನಿ ಕೆಟ್ಟವರಲ್ಲಿ ಕೆಲವು ಗ್ಯಾಡೊಲಿನಿಯಂ ಔಷಧಿಗಳಿಗೂ ಚರ್ಮ ಗಟ್ಟಿಯಾಗುವ ಒಂದು ಗಂಭೀರ ರೋಗಕ್ಕೂ ನಂಟಿದೆ ಎಂದು 2006ರಲ್ಲಿ ಗೊತ್ತಾಯಿತು. 2009ರಲ್ಲಿ ಫೆರುಮಾಕ್ಸಿಟಾಲ್ ಎಂಬ ಐರನ್ ಆಕ್ಸೈಡ್ ಕಣದ ಔಷಧಿ ಬಂತು. ಅದು ಬಂದದ್ದು ಕಿಡ್ನಿ ರೋಗಿಗಳ ರಕ್ತಹೀನತೆಗೆ. ಹೊರಗಾತ್ರ ಸುಮಾರು 30 ನ್ಯಾನೋಮೀಟರ್, ರಕ್ತದಲ್ಲಿ ಬಹಳ ಹೊತ್ತು ಉಳಿಯುತ್ತದೆ, ಟಿ1 ಅನ್ನೂ ಚೆನ್ನಾಗಿ ಇಳಿಸುತ್ತದೆ. ರೇಡಿಯಾಲಜಿ ವೈದ್ಯರು ರಕ್ತನಾಳಗಳನ್ನು ಬೆಳ್ಳಗೆ ನೋಡಲು ಅದನ್ನು ಬಳಸತೊಡಗಿದರು. ತೀವ್ರ ಅಲರ್ಜಿಯಿಂದ ಸಾವುಗಳಾದ ಕಾರಣ 2015ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಿದರು. ಈಗ ಅದನ್ನು ನಿಧಾನವಾಗಿ ಡ್ರಿಪ್‌ನಲ್ಲೇ ಕೊಡಬೇಕು. ಟೆಕ್ನಿಷಿಯನ್ ಆಗುವವರು ಇದನ್ನು ಬರೆದುಕೊಳ್ಳಿ: ರಕ್ತಹೀನತೆಗೆ ಈ ಔಷಧಿ ತೆಗೆದುಕೊಂಡವರ ಎಂಆರ್‌ಐ ಮೂರು ತಿಂಗಳವರೆಗೂ ಬೇರೆ ಥರ ಕಾಣಬಹುದು. ಕೇಳದೆ ಸ್ಕ್ಯಾನ್ ಮಾಡಬಾರದು.

ಕೊನೆಗೆ, ನೀಲ್ ಲೆಕ್ಕ ಮತ್ತೆ ಕೆಲಸಕ್ಕೆ ಬರುವ ಜಾಗ. 2005ರಲ್ಲಿ ಹ್ಯಾಂಬರ್ಗ್‌ನ ಫಿಲಿಪ್ಸ್ ಪ್ರಯೋಗಾಲಯದ ಗ್ಲೈಶ್ ಮತ್ತು ವೈಟ್ಸೆನೆಕರ್ ಮ್ಯಾಗ್ನೆಟಿಕ್ ಪಾರ್ಟಿಕಲ್ ಇಮೇಜಿಂಗ್ ಎಂಬ ಹೊಸ ವಿಧಾನ ತಂದರು. ಇದರಲ್ಲಿ ನೀರಿನ ಮಧ್ಯಸ್ಥಿಕೆ ಇಲ್ಲ, ಸಿಗ್ನಲ್ ಕಣದಿಂದಲೇ ಬರುತ್ತದೆ. ಹಿನ್ನೆಲೆಯಲ್ಲಿ ಕಬ್ಬಿಣದ ಕಣ ಇಲ್ಲದ ಜಾಗದಿಂದ ಸಿಗ್ನಲ್ಲೇ ಇಲ್ಲ. ಸಾಮಾನ್ಯವಾಗಿ ಹಿಂದೆ ಮುಂದೆ ದಿಕ್ಕು ಬದಲಿಸುವ 25 ಕಿಲೋಹರ್ಟ್ಸ್ ಕ್ಷೇತ್ರ ಬಳಸುತ್ತಾರೆ, ಅಂದರೆ ಒಂದು ಸುತ್ತಿಗೆ 40 ಮೈಕ್ರೋಸೆಕೆಂಡ್. ಮೇಲೆ 20 ನ್ಯಾನೋಮೀಟರ್ ತಿರುಳಿಗೆ ಬಂದ 50 ಮೈಕ್ರೋಸೆಕೆಂಡ್ ಜೊತೆ ಹೋಲಿಸಿ. ತಿರುಳು ಚಿಕ್ಕದಾದರೆ ಸಿಗ್ನಲ್ ಬಡವಾಗುತ್ತದೆ, ದೊಡ್ಡದಾದರೆ ಕ್ಷೇತ್ರದ ಹಿಂದೆ ಓಡಲಾಗದೆ ತಡವಾಗುತ್ತದೆ. ಈ ವಿಧಾನಕ್ಕೆ ಕಣ ತಯಾರಿಸುವವರು 20ರಿಂದ 30 ನ್ಯಾನೋಮೀಟರ್ ನಡುವೆ ಅಷ್ಟೊಂದು ಹುಡುಕಾಟ ನಡೆಸುವುದು ಇದಕ್ಕಾಗಿಯೇ.