ಇಲ್ಲಿಯೇ ಗ್ರಹಣ ಕಾಣುವಾಗ ಅಷ್ಟು ದೂರ ಹೋಗುವುದೇಕೆ?

ಪ್ರಶ್ನೆ: 2027ರ ಆಗಸ್ಟ್ 2ರ ಸಂಪೂರ್ಣ ಸೂರ್ಯಗ್ರಹಣ ನಮ್ಮ ಕರಾವಳಿಗೂ ಭಾಗಶಃ ಕಾಣುತ್ತದೆ ಎಂದು ಓದಿದೆ. 2019ರಲ್ಲಿ ಕಾರವಾರದಲ್ಲಿಯೇ ಮುಕ್ಕಾಲಿಗಿಂತ ಹೆಚ್ಚು ಮುಚ್ಚಿದ ಸೂರ್ಯನನ್ನು ನೋಡಿದ್ದೇವೆ. ಹೀಗಿರುವಾಗ ಸಾಲ ಮಾಡಿ ಈಜಿಪ್ಟಿಗೆ ಹೋಗಿ ನೋಡುವಂಥ ಹೆಚ್ಚಿನದು ಅಲ್ಲಿ ಏನಿರುತ್ತದೆ?

ಉತ್ತರ: ಈ ಪ್ರಶ್ನೆ ಅಂಕೋಲಾ, ಕುಮಟಾ, ಶಿರಸಿ, ಯಲ್ಲಾಪುರಗಳಿಂದ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇದೆ. ಪ್ರತಿ ಸಲವೂ ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೇನೆ, ಪ್ರತಿ ಸಲವೂ ಅದು ಸಾಲದಾಗಿದೆ. ಆದ್ದರಿಂದ ಈ ಬಾರಿ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ. ಮುಂದೆ ಕೇಳುವವರಿಗೆ ಇದನ್ನೇ ತೋರಿಸಿದರಾಯಿತು.

ಸೂರ್ಯ ಪೂರ್ತಿ ಮುಚ್ಚಿದ ಕೆಲವು ನಿಮಿಷಗಳಲ್ಲಿ ಕಾಣುವ ಮುಖ್ಯ ನೋಟ ಭಾಗಶಃ ಗ್ರಹಣದಲ್ಲಿ ಕಾಣುವುದಿಲ್ಲ. ಸ್ವಲ್ಪ ಕಡಿಮೆ ಕಾಣುತ್ತದೆ ಎಂದಲ್ಲ, ಕಾಣುವುದೇ ಇಲ್ಲ. ಶೇಕಡಾ 90 ನೋಡಿದವನು ಸಂಪೂರ್ಣ ಗ್ರಹಣದ ಶೇಕಡಾ 90ರಷ್ಟನ್ನು ನೋಡಿದ್ದಾನೆ ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಗ್ರಹಣದ ಹೊತ್ತಿನಲ್ಲಿ ಉಂಡರೆ ಕೆಡುಕಾಗುತ್ತದೆ ಎಂಬುದನ್ನು ಬಿಟ್ಟುಕೊಟ್ಟ ವಿದ್ಯಾವಂತರೂ ಇದನ್ನು ಬಿಟ್ಟುಕೊಡಲು ಸಿದ್ಧರಿಲ್ಲ. ಲೆಕ್ಕ ಸರಿಯಾಗಿಯೇ ಇದೆಯಲ್ಲ ಎನ್ನುತ್ತಾರೆ. ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನೇ ನೋಡೋಣ.

ಹುಣ್ಣಿಮೆಯ ಚಂದ್ರನಿಗಿಂತ ಸೂರ್ಯನ ಬೆಳಕು ಸುಮಾರು 4 ಲಕ್ಷ ಪಟ್ಟು ಹೆಚ್ಚು. ಸಂಪೂರ್ಣ ಗ್ರಹಣದಲ್ಲಿ ನೋಡಬೇಕಾದದ್ದು ಸೂರ್ಯನ ಸುತ್ತಲಿನ ಕರೋನಾ, ಅಂದರೆ ಮುತ್ತಿನ ಬಣ್ಣದ ಪ್ರಭಾವಲಯ. ಅದರ ಒಟ್ಟು ಬೆಳಕು ಸೂರ್ಯಬಿಂಬದ ಸುಮಾರು 10 ಲಕ್ಷದಲ್ಲಿ ಒಂದು ಪಾಲು, ಎಂದರೆ ಹುಣ್ಣಿಮೆಯ ಚಂದ್ರನ ಬೆಳಕಿನ ಅರ್ಧಕ್ಕಿಂತಲೂ ಕಡಿಮೆ. ಈಗ ಸೂರ್ಯನ ಶೇಕಡಾ 90 ಭಾಗವನ್ನು ಚಂದ್ರ ಮುಚ್ಚಿದ್ದಾನೆ ಎಂದುಕೊಳ್ಳಿ. ಉಳಿದ ಶೇಕಡಾ 10 ಭಾಗ 40,000 ಹುಣ್ಣಿಮೆ ಚಂದ್ರರಷ್ಟು ಬೆಳಗುತ್ತಿರುತ್ತದೆ. ಶೇಕಡಾ 99 ಮುಚ್ಚಿದರೂ ಉಳಿಯುವ ಎಳೆಯ ಬೆಳಕು 4,000 ಚಂದ್ರರಿಗೆ ಸಮ, ಎಂದರೆ ಕರೋನಾದ ಸುಮಾರು 10,000 ಪಟ್ಟು. ಆ ಎಳೆ ಇರುವವರೆಗೂ ಆಕಾಶ ಹಗಲಿನ ಆಕಾಶವೇ, ಕರೋನಾ ಅದರಲ್ಲಿ ಮುಳುಗಿಯೇ ಇರುತ್ತದೆ. ಅದು ತೋರುವುದು ಕೊನೆಯ ಎಳೆಯೂ ಮರೆಯಾದ ಕ್ಷಣಕ್ಕೆ ಮಾತ್ರ.

ಇಷ್ಟು ಹೇಳಿದರೂ ಕೆಲವರು ಒಪ್ಪುವುದಿಲ್ಲ. ಶೇಕಡಾ 90 ಬೆಳಕು ಹೋದರೆ ಕತ್ತಲಾಗಲೇಬೇಕು ಎಂದು ಪಟ್ಟು ಹಿಡಿಯುತ್ತಾರೆ. ಅಂಥವರಿಗೆ ನಾನು ಆಷಾಢದ ಕಾರವಾರವನ್ನು ನೆನಪಿಸುತ್ತೇನೆ. ಬಿರುಬಿಸಿಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ (ಬೆಳಕನ್ನು ಅಳೆಯುವ ಮಾನ) ಇರುವ ಬೆಳಕು ದಟ್ಟ ಮೋಡ ಕವಿದಾಗ 10,000 ಲಕ್ಸ್‌ಗೆ, ಎಷ್ಟೋ ಸಲ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಎಂದರೆ ಮಳೆಗಾಲದಲ್ಲಿ ನಾವು ದಿನಗಟ್ಟಲೆ ಶೇಕಡಾ 90 ಬೆಳಕನ್ನು ಕಳೆದುಕೊಂಡೇ ಗದ್ದೆ ನಾಟಿ ಮಾಡುತ್ತೇವೆ, ಮಕ್ಕಳನ್ನು ಶಾಲೆಗೆ ಕಳಿಸುತ್ತೇವೆ, ಅಂಗಳದಲ್ಲಿ ನಿಂತು ಪತ್ರಿಕೆ ಓದುತ್ತೇವೆ. ಅದನ್ನು ಯಾರೂ ರಾತ್ರಿಯೆಂದು ಕರೆದಿಲ್ಲ. ಕೆಲವು ನೂರು ಲಕ್ಸ್‌ನ ಟ್ಯೂಬ್‌ಲೈಟಿನಲ್ಲಿ ಇಡೀ ತರಗತಿ ನಡೆಯುತ್ತದೆ ಎಂದ ಮೇಲೆ, 10,000 ಲಕ್ಸ್ ಕಣ್ಣಿಗೆ ಕತ್ತಲಾಗಿ ಕಾಣುವುದು ಹೇಗೆ? ಬೆಳಕು ಇಳಿದಂತೆ ಪಾಪೆ ಹಿಗ್ಗುತ್ತದೆ, ಅಕ್ಷಿಪಟವೂ ಹೊಂದಿಕೊಳ್ಳುತ್ತದೆ. ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿದದ್ದು ನಮ್ಮ ಅರಿವಿಗೆ ಬರುವಾಗ ಬಿಸಿಲು ಸ್ವಲ್ಪ ಮಂಕಾಯಿತು ಎನ್ನುವಷ್ಟು ಮಾತ್ರವೇ ಆಗಿರುತ್ತದೆ.

2019ರ ಡಿಸೆಂಬರ್ 26ರ ಬೆಳಿಗ್ಗೆ ಆದದ್ದೂ ಇದೇ. ಅಂದಿನದು ಕಂಕಣ ಗ್ರಹಣ. ಕಾಸರಗೋಡು, ಮಂಗಳೂರು, ಕೊಡಗಿನ ಭಾಗಗಳಲ್ಲಿ ಬೆಂಕಿಯ ಬಳೆ ಕಂಡಿತು. ನಮ್ಮ ಜಿಲ್ಲೆಯಲ್ಲಿ ಸೂರ್ಯನ ಶೇಕಡಾ 80ಕ್ಕೂ ಹೆಚ್ಚು ಭಾಗ ಮುಚ್ಚಿತ್ತು. ಅಡಕೆ ಕೊಯ್ಲಿನ ಕಾಲವಾದ್ದರಿಂದ ಶಿರಸಿ ಸೀಮೆಯ ಅಂಗಳಗಳಲ್ಲಿ ಚಪ್ಪರ ಎದ್ದಿತ್ತು. ಒಂಬತ್ತೂವರೆಯ ಸುಮಾರಿಗೆ ಚಪ್ಪರದ ಸೋಗೆಯ ಸಂದುಗಳಿಂದ ಸಗಣಿ ಸಾರಿಸಿದ ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕೆಗಳನ್ನು ಗಮನಿಸಿದವರಿಗೆ, ದುಂಡಗಿರಬೇಕಾದ ಒಂದೊಂದು ಚುಕ್ಕೆಯೂ ಕುಡುಗೋಲಿನ ಅಲಗಿನಂತೆ ಬಾಗಿದ್ದು ಕಂಡಿತು. ಸೋಗೆಯ ಒಂದೊಂದು ಕಿಂಡಿಯೂ ಸೂರ್ಯನ ಬಿಂಬವನ್ನು ನೆಲಕ್ಕೆ ಇಳಿಸಿತ್ತು. ಬಹಳ ಚೆಲುವಾದ ನೋಟ ಅದು, ನಾನು ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಆ ಹೊತ್ತಿನಲ್ಲಿಯೂ ಅಂಗಳದಲ್ಲಿ ಅಡಕೆ ಸುಲಿಯುವಷ್ಟು ಬೆಳಕು ಧಾರಾಳವಾಗಿ ಇತ್ತು ಎಂಬುದನ್ನೂ ನೆನಪಿಡಬೇಕು. ಕಂಕಣ ಕಂಡ ಊರುಗಳಲ್ಲಿಯೂ ಕರೋನಾ ಕಾಣಲಿಲ್ಲ, ಏಕೆಂದರೆ ಬಳೆಯಷ್ಟು ಸೂರ್ಯ ಉಳಿದೇ ಇದ್ದ.

ಸಂಪೂರ್ಣ ಗ್ರಹಣದಲ್ಲಿ ಆಗುವುದೇ ಬೇರೆ. ಮೊದಲ ಒಂದು ಗಂಟೆಗೂ ಹೆಚ್ಚು ಕಾಲ ಇಲ್ಲಿ ಕಂಡಂಥದ್ದೇ ನಡೆಯುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ನೆರಳುಗಳ ಅಂಚು ಹರಿತವಾಗುತ್ತದೆ, ಗಾಳಿ ತಂಪಾಗುತ್ತದೆ, ಹಕ್ಕಿಗಳು ಗೂಡಿನ ಕಡೆ ತಿರುಗುತ್ತವೆ. ಚಂದ್ರನ ನೆರಳು ಪಶ್ಚಿಮದಿಂದ ಗಂಟೆಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಚಂದ್ರನ ಅಂಚಿನ ಕಣಿವೆಗಳ ಮೂಲಕ ತೂರಿದ ಬೆಳಕು ಮಣಿಗಳಾಗಿ ಒಡೆದು, ಕೊನೆಯ ಮಣಿ ವಜ್ರದುಂಗುರದ ಹರಳಿನಂತೆ ಹೊಳೆದು ಆರುತ್ತದೆ. ಆಮೇಲೆ ಕಪ್ಪು ವೃತ್ತ, ಅದರ ಸುತ್ತ ಎಳೆ ಎಳೆಯಾಗಿ ಹರಡಿದ ಕರೋನಾ, ಅಂಚಿನಲ್ಲಿ ಗುಲಾಬಿ ಬಣ್ಣದ ಜ್ವಾಲೆಗಳು, ಹಗಲಿನಲ್ಲಿಯೇ ಬೆಳಗುವ ಶುಕ್ರ, ದಿಗಂತದ ಸುತ್ತಲೂ ಒಂದೇ ಸಮನೆ ಸಂಜೆಗೆಂಪು. ಇದಿಷ್ಟೂ ಆ ಕೆಲವು ನಿಮಿಷಗಳಿಗೆ ಸೇರಿದ್ದು. ನೆರಳಿನ ದಾರಿಯ ಅಂಚಿನಿಂದ ಹತ್ತೇ ಕಿಲೋಮೀಟರ್ ಹೊರಗೆ ನಿಂತವನಿಗೆ ಸೂರ್ಯ ಶೇಕಡಾ 99ಕ್ಕಿಂತ ಹೆಚ್ಚು ಮುಚ್ಚಿರುತ್ತಾನೆ, ಆದರೂ ಇವುಗಳಲ್ಲಿ ಕರೋನಾದ ಪೂರ್ಣ ನೋಟ ಅವನಿಗೆ ದಕ್ಕುವುದಿಲ್ಲ. ಆದ್ದರಿಂದಲೇ ಜನ ಸಮುದ್ರ ದಾಟಿ ಹೋಗುತ್ತಾರೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳುವಾಗ ನನಗೆ ಸ್ವಲ್ಪ ಸಂಕಟವೂ ಆಗುತ್ತದೆ, ಏಕೆಂದರೆ ಒಮ್ಮೆ ಆ ನೆರಳು ನಮ್ಮ ದಡಕ್ಕೇ ಬಂದಿತ್ತು. 1980ರ ಫೆಬ್ರವರಿ 16, ಶಿವರಾತ್ರಿಯ ಬೆನ್ನಿಗೇ ಬಂದ ಅಮಾವಾಸ್ಯೆ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಚಂದ್ರನ ನೆರಳು ಅರಬ್ಬೀ ಸಮುದ್ರದಿಂದ ಕಾರವಾರ, ಅಂಕೋಲಾ ತೀರವನ್ನು ಏರಿ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಒಡಿಶಾದ ಪುರಿಯತ್ತ ಹೋಯಿತು. ದಾರಿಯ ನಡುಗೆರೆಯ ಊರುಗಳಿಗೆ ಎರಡೂವರೆ ನಿಮಿಷಕ್ಕೂ ಹೆಚ್ಚು ಕಾಲ ಸಂಪೂರ್ಣ ಗ್ರಹಣ ದೊರೆತಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಉಪಕರಣಗಳನ್ನು ಹೊತ್ತು ರಾಯಚೂರು ಜಿಲ್ಲೆಯ ಜವಳಗೇರಾದವರೆಗೆ ಹೋಗಿ ಬಿಡಾರ ಹೂಡಿದ್ದರು. ಕಾರವಾರದ ಕಡಲತೀರದಲ್ಲಿ ನಿಂತವನು ದೇವಗಡದ ದೀಪಸ್ತಂಭದ ಆಚೆಯಿಂದ ನೆರಳು ನೀರಿನ ಮೇಲೆ ಓಡಿಬರುವುದನ್ನು ನೋಡಬಹುದಿತ್ತು. ಆದರೆ ದೇಶದ ಎಷ್ಟೋ ಕಡೆಗಳಂತೆ ಇಲ್ಲಿಯೂ ಬಹಳ ಮನೆಗಳ ಬಾಗಿಲು ಕಿಟಕಿಗಳು ಮುಚ್ಚಿದ್ದವು. ಆ ದಿನವನ್ನು ಒಳಗೆ ಕುಳಿತು ಕಳೆದ ಹಿರಿಯರನ್ನು ನಾನು ದೂರುವುದಿಲ್ಲ, ಹೆದರಿಸಿದವರು ಹಲವರಿದ್ದರು, ವಿವರಿಸಿ ಹೇಳುವವರು ಕಡಿಮೆಯಿದ್ದರು. ಭೂಮಿಯ ಮೇಲಿನ ಯಾವುದೇ ಒಂದು ಸ್ಥಳಕ್ಕೆ ಸಂಪೂರ್ಣ ಗ್ರಹಣ ಮರಳಿ ಬರುವುದು ಸರಾಸರಿ 375 ವರ್ಷಗಳಿಗೊಮ್ಮೆ. ಎಂದ ಮೇಲೆ, ನಾವಾಗಿ ಹೋಗದೆ ಬೇರೆ ದಾರಿಯಿಲ್ಲ.

ಹೀಗೆ ಹೋಗುವುದು ಹೊಸ ಹುಚ್ಚೂ ಅಲ್ಲ. 1868ರ ಆಗಸ್ಟ್ 18ರ ಗ್ರಹಣಕ್ಕಾಗಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಗುಂಟೂರಿಗೆ ಬಂದರು, ಅದೇ ಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಲ್ಲಿ ವೀಕ್ಷಿಸಿದರು. 1871ರಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಲಾಕಿಯರ್ ಬೇಕಲ ಕೋಟೆಗೆ, 1898ರಲ್ಲಿ ಮತ್ತೆ ಕೊಂಕಣದ ವಿಜಯದುರ್ಗಕ್ಕೆ ಬಂದರು. ಯುರೋಪಿನಿಂದ ಹೊರಟವರು ವಾರಗಟ್ಟಲೆ ಹಡಗಿನಲ್ಲಿ ಸಾಗಿ ಬಂದದ್ದು ಕೆಲವೇ ನಿಮಿಷಗಳ ನೋಟಕ್ಕೆ.

ಈಗ 2027ರ ವಿಷಯ. ನೆರಳಿನ ದಾರಿ ಸ್ಪೇನಿನ ದಕ್ಷಿಣ ತುದಿ, ಉತ್ತರ ಆಫ್ರಿಕಾ, ಈಜಿಪ್ಟ್, ಸೌದಿ ಅರೇಬಿಯಾ, ಯೆಮನ್, ಸೊಮಾಲಿಯಾಗಳ ಮೇಲಿದೆ. ಗರಿಷ್ಠ ಅವಧಿ 6 ನಿಮಿಷ 23 ಸೆಕೆಂಡು, ಅದು ಈಜಿಪ್ಟಿನ ಲಕ್ಸರ್ ಬಳಿ. ಅಲ್ಲಿ ಆಗಸ್ಟಿನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮೋಡದ ಚಿಂತೆ ಮಾತ್ರ ಇಲ್ಲವೇ ಇಲ್ಲ ಎನ್ನಬಹುದು. ಜಿದ್ದಾ ಮತ್ತು ಮಕ್ಕಾ ನಗರಗಳೂ ಇದೇ ದಾರಿಯಲ್ಲಿವೆ, ಜಿದ್ದಾಕ್ಕೆ ಸುಮಾರು ಆರು ನಿಮಿಷ ದೊರೆಯುತ್ತದೆ. ಭಟ್ಕಳದ ಎಷ್ಟೋ ಮನೆಗಳವರು ಗಲ್ಫ್ ನಾಡುಗಳಲ್ಲಿ ದುಡಿಯುತ್ತಿದ್ದಾರೆ. ಜಿದ್ದಾದಲ್ಲಿ ಇರುವವರಿಗೆ ಇದು ಮನೆಯ ಮಾಳಿಗೆಗೆ ಬಂದ ಭಾಗ್ಯ, ದುಬೈಯಲ್ಲಿ ಇರುವವರಿಗೆ ಭಾಗಶಃ ಗ್ರಹಣ ಮಾತ್ರ. ಮಗನೋ ಅಳಿಯನೋ ಅತ್ತ ಇದ್ದರೆ ಇದನ್ನು ಅವರಿಗೆ ಇಂದೇ ತಿಳಿಸಿ.

ನಮ್ಮಲ್ಲಿ ಅಂದು ಇಳಿಹೊತ್ತಿನಲ್ಲಿ ಸೂರ್ಯನ ಒಂದು ಭಾಗ ಮುಚ್ಚುವುದು ನಿಜ, ಆದರೆ ಅದು ಶ್ರಾವಣದ ಹೊಸ್ತಿಲು. ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಾರವಾರದಲ್ಲಿ ಆಗಸ್ಟ್ 2ರಂದು ಆಕಾಶ ತೆರೆದಿರುತ್ತದೆ ಎಂದು ನಂಬಿ ಕೂರುವುದು ಕಷ್ಟ. 2009ರ ಜುಲೈ 22ರಂದು ಬಿಹಾರದ ತಾರೇಗನಾದಲ್ಲಿ ಸಾವಿರಾರು ಜನ ಸೇರಿದ್ದರು, ಮುಂಗಾರಿನ ಮೋಡ ಎಲ್ಲವನ್ನೂ ಮುಚ್ಚಿಬಿಟ್ಟಿತು. ಸ್ಥಳ ಆರಿಸುವಾಗ ವಿಮಾನದ ದರಕ್ಕಿಂತ ಮೊದಲು ಮೋಡದ ಲೆಕ್ಕ ನೋಡಬೇಕು ಎಂಬುದು ಇದಕ್ಕಾಗಿಯೇ. ದೇಶ ಬಿಟ್ಟು ಹೋಗಲಾಗದವರು 2034ರ ಮಾರ್ಚ್ 20ಕ್ಕೆ ಕಾಯಬಹುದು. ಅಂದು ನೆರಳು ಲಡಾಖಿನ ಕಾರ್ಗಿಲ್ ಸೀಮೆಯನ್ನು ಹಾಯುತ್ತದೆ. ಆದರೆ ಅಲ್ಲಿಯ ಮಾರ್ಚ್ ಎಂದರೆ ಹಿಮ, ಮುಚ್ಚಿದ ಘಟ್ಟದ ರಸ್ತೆಗಳು.

ಕಣ್ಣಿನ ವಿಷಯದಲ್ಲಿ ಹೇಳಬೇಕಾದದ್ದು ಹೊಸದೇನಲ್ಲ. ಗ್ರಹಣದ ಸೂರ್ಯನಿಂದ ಬೇರೆ ಕಿರಣವೇನೂ ಹೊರಡುವುದಿಲ್ಲ, ಎಂದಿನ ಸೂರ್ಯನನ್ನೇ ದಿಟ್ಟಿಸುವುದು ಅಪಾಯ. ಐಎಸ್‌ಒ 12312-2 ಮಾನಕದ ಕನ್ನಡಕ ಬೇಕು, ಎಕ್ಸ್‌ರೇ ಹಾಳೆಯೂ ಮಸಿ ಹಿಡಿದ ಗಾಜೂ ಬೇಡ. ಸಂಪೂರ್ಣವಾಗಿ ಮುಚ್ಚಿದ ನಿಮಿಷಗಳಲ್ಲಿ ಮಾತ್ರ ಕನ್ನಡಕ ತೆಗೆಯಬೇಕು. ತೆಗೆಯದಿದ್ದರೆ ಅಷ್ಟು ದೂರ ಹೋದವನಿಗೆ ಕಾಣುವುದು ಬರಿಯ ಕಪ್ಪು. ಮೊದಲ ಹರಳು ಮಿನುಗಿದೊಡನೆ ಮತ್ತೆ ಹಾಕಿಕೊಳ್ಳಬೇಕು.

ಯಾರೂ ನೇರವಾಗಿ ಕೇಳದ, ಆದರೆ ಕರಾವಳಿಯಲ್ಲಿ ಗ್ರಹಣದ ಮಾತು ಬಂದಾಗಲೆಲ್ಲ ಪಕ್ಕದಲ್ಲಿಯೇ ನಿಂತಿರುವ ಇನ್ನೊಂದು ವಿಷಯವಿದೆ. ಗ್ರಹಣದ ದಿನ ಕಡಲು ಉಕ್ಕುತ್ತದೆಯೇ? ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಯಂದು ಮಾತ್ರ, ಅಮಾವಾಸ್ಯೆಯ ಭರತಿ ದೊಡ್ಡದು ಎಂಬುದು ಕಾಳಿಯ ಅಳಿವೆಯಲ್ಲಿ ದೋಣಿ ನಡೆಸುವವರಿಗೂ, ಅಘನಾಶಿನಿಯ ಗಜನಿ (ಅಳಿವೆಯ ಉಪ್ಪುನೀರಿನ) ಗದ್ದೆಗಳಲ್ಲಿ ಒಡ್ಡು ಕಾಯುವವರಿಗೂ ಪಾಠ ಮಾಡಿ ಹೇಳಬೇಕಾದದ್ದಲ್ಲ. ಸೂರ್ಯ, ಚಂದ್ರರ ಸೆಳೆತ ಅಂದು ಒಂದೇ ಸಾಲಿನಲ್ಲಿ ಕೂಡುತ್ತದೆ. ಸಾಲು ಕರಾರುವಾಕ್ಕಾಗಿ ನೇರವಾಗಿ ಗ್ರಹಣವಾದರೂ, ಕೆಲವು ಡಿಗ್ರಿ ಆಚೀಚೆಯಾಗಿ ಗ್ರಹಣವಾಗದಿದ್ದರೂ, ನೀರಿನ ಮಟ್ಟಕ್ಕೆ ಅದರಿಂದ ಹೇಳಿಕೊಳ್ಳುವಷ್ಟು ವ್ಯತ್ಯಾಸವಾಗುವುದಿಲ್ಲ. ವ್ಯತ್ಯಾಸ ಮಾಡುವುದು ಚಂದ್ರನ ದೂರ. ಹತ್ತಿರದಲ್ಲಿದ್ದಾಗ ಅವನ ಬಿಂಬ ದೊಡ್ಡದಾಗಿ ಸೂರ್ಯನನ್ನು ಪೂರ್ತಿ ಮುಚ್ಚುತ್ತದೆ, ಭರತಿಯೂ ತುಸು ಏರುತ್ತದೆ. 2027ರಲ್ಲಿ ಚಂದ್ರ ಹತ್ತಿರದಲ್ಲಿರುತ್ತಾನೆ, 2019ರಲ್ಲಿ ತುಸು ದೂರದಲ್ಲಿದ್ದುದರಿಂದಲೇ ಬಳೆ ಉಳಿದದ್ದು. ಆದರೆ ಅಂಥ ಹತ್ತಿರದ ಅಮಾವಾಸ್ಯೆಗಳು ಗ್ರಹಣವಿಲ್ಲದ ವರ್ಷಗಳಲ್ಲಿಯೂ ಬರುತ್ತವೆ, ಆಗಲೂ ಭರತಿ ಅಷ್ಟೇ ಏರುತ್ತದೆ. ಅದೂ ಅಮಾವಾಸ್ಯೆಯ ದಿನವೇ ಅಲ್ಲ, ಸಾಮಾನ್ಯವಾಗಿ ಒಂದೆರಡು ದಿನ ಕಳೆದ ಮೇಲೆ.

ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಇರುವ ಮಳೆಗಾಲದ ನಿಷೇಧ ಜುಲೈ 31ಕ್ಕೆ ಮುಗಿಯುವುದು ನಮ್ಮ ಕರಾವಳಿಯ ವಾಡಿಕೆ. ಹಾಗೆಯೇ ನಡೆದರೆ ಈ ಗ್ರಹಣ ಹೊಸ ಋತುವಿನ ಎರಡನೆಯ ದಿನಕ್ಕೆ ಬೀಳುತ್ತದೆ. ಅಂದು ಕಡಲಿಗೆ ಇಳಿಯಬೇಕೇ ಬೇಡವೇ ಎಂಬುದನ್ನು ಹವಾಮಾನ ಇಲಾಖೆಯ ಗಾಳಿ ಮತ್ತು ಅಲೆಗಳ ಮುನ್ಸೂಚನೆ ನೋಡಿ ನಿರ್ಧರಿಸಬೇಕು. ಗ್ರಹಣದ ವೇಳೆ ನೋಡಿ ದೋಣಿ ಕಟ್ಟಿಹಾಕುವ ಕಾರಣವಿಲ್ಲ. ಗಜನಿಯ ಒಡ್ಡು ಕಾಯುವವರು ಆಗಸ್ಟ್ 3, 4ರ ಭರತಿಯ ವೇಳೆಯನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಲಿ.