ಜೈವಿಕ ಮೌಲ್ಯ 80 ಎಂದರೆ ನೂರರಲ್ಲಿ ಎಂಬತ್ತು ಮೈಗೆ ಹತ್ತಿತು ಎಂದಲ್ಲ

ಪ್ರಯೋಗಾಲಯದ ವರದಿ ಕೈ ಸೇರಿದ ಕೂಡಲೇ ಕಿರು ಆಹಾರೋದ್ಯಮಿಗಳು ಕೇಳುವ ಪ್ರಶ್ನೆ ವರ್ಷಗಳಿಂದ ಒಂದೇ: "ಜೈವಿಕ ಮೌಲ್ಯ 80 ಬಂದಿದೆ ಸರ್, ತಿಂದ ಪ್ರೋಟೀನಿನಲ್ಲಿ ನೂರಕ್ಕೆ ಎಂಬತ್ತು ಪಾಲು ಮೈಗೆ ಹತ್ತುತ್ತದೆ ಅಲ್ಲವೇ?" ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಪೊಟ್ಟಣದ ಮೇಲೆ ಮತ್ತೆ ಅದೇ ಅರ್ಥ ಅಚ್ಚಾಗುತ್ತದೆ.

ಕಾರ್ಲ್ ಥಾಮಸ್ 1909ರಲ್ಲಿ ರೂಪಿಸಿ, ಎಚ್. ಎಚ್. ಮಿಚೆಲ್ 1924ರಲ್ಲಿ ಇಲಿಗಳ ಮೇಲೆ ಬೆಳೆಸಿದ ಈ ವಿಧಾನವು ಕರುಳು ಹೀರಿಕೊಂಡ ಸಾರಜನಕದಲ್ಲಿ (ಪ್ರೋಟೀನನ್ನು ಅಳೆಯುವುದು ಅದರಲ್ಲಿರುವ ಸಾರಜನಕದಿಂದ) ದೇಹ ಉಳಿಸಿಕೊಂಡ ಪಾಲನ್ನು ಮಾತ್ರ ಹೇಳುತ್ತದೆ. ಉದಾಹರಣೆಗೆ, ಇಲಿಯು 100 ಮಿಲಿಗ್ರಾಂ ಸಾರಜನಕ ತಿಂದು, 60 ಹೀರಿಕೊಂಡು, 48 ಉಳಿಸಿಕೊಂಡಿತೆನ್ನಿ. ಜೈವಿಕ ಮೌಲ್ಯ 80 ಆಯಿತು, ಆದರೆ ತಿಂದದ್ದರಲ್ಲಿ ಉಳಿದದ್ದು 48 ಮಾತ್ರ. ಇನ್ನೊಂದು ಆಹಾರದಲ್ಲಿ 95 ಹೀರಿ 70 ಉಳಿದರೆ ಜೈವಿಕ ಮೌಲ್ಯ ಸುಮಾರು 74ಕ್ಕೆ ಇಳಿಯುತ್ತದೆ, ಆದರೂ ನನ್ನ ಮಗುವಿಗೆ ನಾನು ಕೊಡುವುದು ಈ ಎರಡನೆಯದನ್ನೇ. ಮಲದೊಡನೆ ಹೊರಹೋದ ಪಾಲನ್ನೂ ಲೆಕ್ಕಕ್ಕೆ ತರುವುದು ನಿವ್ವಳ ಪ್ರೋಟೀನ್ ಬಳಕೆ, ಅಂದರೆ ಜೈವಿಕ ಮೌಲ್ಯವನ್ನು ಜೀರ್ಣತೆಯಿಂದ ಗುಣಿಸಿದ ಅಂಕಿ. ನನ್ನ ಬಳಿ ಬರುವವರು ಕೇಳಬೇಕಾದದ್ದು ಇದನ್ನು.

ಬಯಲುಸೀಮೆಯ ಹೆಣ್ಣುಮಗಳೊಬ್ಬರು ಹುರುಳಿಯ ಹಿಟ್ಟು ತಂದಿದ್ದರು. ಹುರಿದರೆ ಸತ್ವ ಸಾಯುತ್ತದೆಂದು ಯಾರೋ ಹೇಳಿದ್ದರಿಂದ ಹಸಿಯಾಗಿಯೇ ಬೀಸಿದ್ದರು. ಹಸಿ ಕಾಳುಗಳಲ್ಲಿ ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಅಂಶಗಳಿರುತ್ತವೆ, ಬಿಸಿಗೆ ಅವು ಕುಗ್ಗುತ್ತವೆ. ಹಸಿ ಸೋಯಾ ತಿಂದವು ಸೊರಗಿ, ಬೇಯಿಸಿದ ಸೋಯಾ ತಿಂದ ಇಲಿಗಳು ಮಾತ್ರ ಚೆನ್ನಾಗಿ ಬೆಳೆಯುತ್ತವೆಂದು ಅಮೆರಿಕದ ವಿಜ್ಞಾನಿಗಳಾದ ಆಸ್‌ಬೋರ್ನ್ ಮತ್ತು ಮೆಂಡೆಲ್ 1917ರಲ್ಲೇ ತೋರಿಸಿದ್ದರು. ಅಷ್ಟು ಶ್ರದ್ಧೆಯಿಂದ ಕಾಳು ಆರಿಸಿ ತಂದವರಿಗೆ ತಪ್ಪು ಹೇಳಲು ಮನಸ್ಸಾಗಲಿಲ್ಲ, ಆದರೂ ಹೇಳಿದೆ.

ಇಲಿಯ ಅಂಕಿಯನ್ನೂ ಎಚ್ಚರದಿಂದಲೇ ಓದಬೇಕು. ಮೈತುಂಬ ರೋಮ ಬೆಳೆಸುವ ಇಲಿಗೆ ಗಂಧಕವುಳ್ಳ ಅಮೈನೋ ಆಮ್ಲಗಳು (ಪ್ರೋಟೀನಿನ ಘಟಕಗಳು) ನಮಗಿಂತ ಹೆಚ್ಚು ಬೇಕಾದ್ದರಿಂದ, ಅವು ಕಡಿಮೆಯಿರುವ ಬೇಳೆಕಾಳುಗಳಿಗೆ ಅಲ್ಲಿ ಅನ್ಯಾಯವಾಗುತ್ತದೆ. ಬೇಳೆಯನ್ನು ರಾಗಿಯೊಡನೆ ತಿನ್ನುವ ನಮ್ಮ ಊಟವನ್ನು ಒಂಟಿ ಕಾಳಿನ ಅಂಕಿ ಹೇಳಲಾರದು. ಮೇಲಾಗಿ ಈ ಪರೀಕ್ಷೆಗಳಲ್ಲಿ ಪ್ರೋಟೀನನ್ನು ಸಾಮಾನ್ಯವಾಗಿ ಆಹಾರದ ಶೇಕಡ 10ಕ್ಕೆ ಮಿತಗೊಳಿಸಿರುತ್ತಾರೆ. ಹೆಚ್ಚು ಕೊಟ್ಟರೆ ಉಳಿಯುವ ಪಾಲು ಕುಗ್ಗುತ್ತದೆ.

ಆ ಹೆಣ್ಣುಮಗಳು ಹುರುಳಿಯನ್ನು ಹುರಿದು, ರಾಗಿ ಬೆರೆಸಿ ಹೊಸ ಮಾದರಿ ಕಳಿಸಿದ್ದಾರೆ. ತೂಕದ ಏರಿಕೆಯನ್ನು ಅಳೆಯುವ 28 ದಿನಗಳ ಪರೀಕ್ಷೆಯಲ್ಲಿ ಇಲಿಗಳು ಈಗ ಎರಡನೆಯ ವಾರದಲ್ಲಿವೆ.