ಕಸ್ಟಮ್ಸ್ ಟಿಪ್ಪಣಿ: ಕಾಗದ ನೋಡುವುದು ಬೇರೆ, ಪೆಟ್ಟಿಗೆ ತೆರೆಯುವುದು ಬೇರೆ

ಆಮದು ವಿಧಾನ ಓದುವಾಗ ಎರಡು ದಿನ ಒಂದೇ ಕಡೆ ಸಿಕ್ಕಿಕೊಂಡಿದ್ದೆ. ಮರೆಯುವ ಮುಂಚೆ ಬರೆದಿಡುತ್ತೇನೆ. ಬಿಲ್ ಆಫ್ ಎಂಟ್ರಿ ಅಂದರೆ ಬಂದ ಸರಕು ಏನು, ಎಷ್ಟು, ಬೆಲೆ ಎಷ್ಟು ಅಂತ ಆಮದುದಾರರು ಕಸ್ಟಮ್ಸ್‌ಗೆ ಕೊಡುವ ಘೋಷಣೆ. ಕೆಳಗೆ ಕಾಗದ ಅಂದರೆ ಮುಖ್ಯವಾಗಿ ಇದೇ.

2005ರಲ್ಲಿ ನಮ್ಮ ಕಸ್ಟಮ್ಸ್‌ಗೆ ರಿಸ್ಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬಂತು. ಎಲ್ಲವನ್ನೂ ತಡೆದು ನೋಡಿದರೆ ಬಂದರು ತುಂಬಿಹೋಗುತ್ತದೆ. ಏನನ್ನೂ ನೋಡದಿದ್ದರೆ ಸುಂಕ ತಪ್ಪಿಸುವವರಿಗೆ ಹಬ್ಬ. ಅದಕ್ಕೇ ಯಾವುದನ್ನು ತಡೆಯಬೇಕು ಅಂತ ಕಂಪ್ಯೂಟರ್ ಆರಿಸುತ್ತದೆ.

ನಾನು ಎಡವಿದ್ದು ಇಲ್ಲೇ. "ತಡೆ" ಅಂದರೆ ಒಂದೇ ತೀರ್ಮಾನ ಅಂದುಕೊಂಡಿದ್ದೆ. ಅಲ್ಲ, ಎರಡಿವೆ. ಅಸೆಸ್‌ಮೆಂಟ್ ಅಂದರೆ ಕಾಗದದ ಕೆಲಸ: ಹೆಡಿಂಗ್ (ಸುಂಕದ ಪಟ್ಟಿಯಲ್ಲಿ ಆ ಬಗೆಯ ಸರಕಿಗಿರುವ ನಾಲ್ಕಂಕಿ ಸಂಖ್ಯೆ) ಸರಿಯೇ, ಬೆಲೆ ಸರಿಯೇ, ಸುಂಕ ಸರಿಯೇ? ಎಕ್ಸಾಮಿನೇಶನ್ ಅಂದರೆ ಪೆಟ್ಟಿಗೆ ತೆರೆದು ನೋಡುವುದು. ಎರಡನ್ನೂ ಬೇರೆಬೇರೆಯಾಗಿ ತೀರ್ಮಾನಿಸುತ್ತಾರೆ. ಹಾಗಾಗಿ ನಾಲ್ಕು ದಾರಿಗಳು: ಎರಡೂ ಉಂಟು, ಎರಡೂ ಇಲ್ಲ, ಕಾಗದ ಮಾತ್ರ, ಪೆಟ್ಟಿಗೆ ಮಾತ್ರ.

ಬೆಂಗಳೂರಿಗೆ ಒಂದು ಯಂತ್ರ ಬಂತು ಅಂದುಕೊಳ್ಳಿ. ಅದು ನೀರೆತ್ತುವ ಪಂಪೋ (8413), ಗಾಳಿಯ ಕಂಪ್ರೆಸರ್ರೋ (8414) ಅನ್ನುವ ಅನುಮಾನ ಕ್ಯಾಟಲಾಗ್ ನೋಡಿದರೇ ತೀರಬಹುದು. ಪೆಟ್ಟಿಗೆ ತೆರೆಯಬೇಕಿಲ್ಲ. ಹೇಳಿದ್ದು ಹತ್ತು, ಒಳಗಿರುವುದು ಹನ್ನೆರಡು ಅನ್ನುವ ಅನುಮಾನವಾದರೆ ಕಾಗದ ಎಷ್ಟು ನೋಡಿದರೂ ಸುಮ್ನೆ, ತೆರೆದೇ ನೋಡಬೇಕು.

ಇದು ಗೊತ್ತಾದ ಮೇಲೆ ಫೇಸ್‌ಲೆಸ್ ಅಸೆಸ್‌ಮೆಂಟ್ (ಮುಖಾಮುಖಿ ಇಲ್ಲದೆ, ಬೇರೆ ಊರಿನ ಅಧಿಕಾರಿಯೂ ಕಾಗದ ನೋಡಬಹುದಾದ ವ್ಯವಸ್ಥೆ) ತಾನಾಗೇ ಅರ್ಥವಾಯಿತು. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈನಲ್ಲಿ, ಮುಖ್ಯವಾಗಿ ಸುಂಕದ ಪಟ್ಟಿಯ 84 ಮತ್ತು 85ನೇ ಅಧ್ಯಾಯದ ಸರಕುಗಳಿಂದ (ಯಂತ್ರಗಳು, ವಿದ್ಯುತ್ ಉಪಕರಣಗಳು) ಶುರುವಾಯಿತು. ಅದೇ ವರ್ಷ ಅಕ್ಟೋಬರ್ 31ಕ್ಕೆ ದೇಶವೆಲ್ಲ ಹರಡಿತು. ಬೆಂಗಳೂರಲ್ಲಿ ಇಳಿದ ಯಂತ್ರದ ಕಾಗದ ಚೆನ್ನೈ ಅಧಿಕಾರಿಗೆ ಹೋಗಬಹುದು. ಪೆಟ್ಟಿಗೆ ಮಾತ್ರ ಇಳಿದ ಕಡೆಯೇ ತೆರೆಯಬೇಕು, ಅದನ್ನು ಕಂಪ್ಯೂಟರಲ್ಲಿ ಕಳಿಸಲು ಆಗಲ್ಲ ಅಲ್ವಾ. ಯಾವುದೇ ಪ್ರಶ್ನೆ ಬಂದರೂ ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಕಾಗದ ಎಲ್ಲಿ, ಪೆಟ್ಟಿಗೆ ಎಲ್ಲಿ?

ಎಇಒ (ಆಥರೈಸ್ಡ್ ಎಕನಾಮಿಕ್ ಆಪರೇಟರ್) ಅನ್ನುವ ಮಾನ್ಯತೆ ಬಗ್ಗೆ ಒಂದು ಸಾಲು ಸಾಕು: ನಂಬಿಕೆ ಗಳಿಸಿದ ಆಮದುದಾರರಿಗೆ ಟಿ1, ಟಿ2, ಟಿ3 ಅಂತ ಮೂರು ಹಂತ, ಹಂತ ಏರಿದಂತೆ ಸೌಲಭ್ಯ ಜಾಸ್ತಿ.

ಎರಡೂ ತಪಾಸಣೆ ಇಲ್ಲದೆ ಹೋದ ಸರಕು? ಅದಕ್ಕೂ ಕಣ್ಣಿದೆ. 2011ರಿಂದ ಸುಂಕವನ್ನು ಆಮದುದಾರರೇ ಲೆಕ್ಕ ಹಾಕಿ ಹೇಳುತ್ತಾರೆ. ಆ ಲೆಕ್ಕವನ್ನು ಆಮೇಲೆ ಆಡಿಟ್ ಮಾಡಲು 2018ರಲ್ಲಿ ಕಸ್ಟಮ್ಸ್ ಕಾಯ್ದೆಗೆ 99ಎ ಸೆಕ್ಷನ್ ಬಂತು. ಸುಂಕ ಕಡಿಮೆ ಕಟ್ಟಿದ್ದು ಗೊತ್ತಾದರೆ ಅದೇ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ 2 ವರ್ಷದೊಳಗೆ ನೋಟಿಸ್ ಕೊಡಬಹುದು. ಬೇಕೆಂದೇ ಮುಚ್ಚಿಟ್ಟಿದ್ದರೆ 5 ವರ್ಷ.